ಕಾಲಾಣೆ ಕಾರ್ಡಿನ ಗುಟ್ಟು

1879ರ ಜುಲೈ 1ರಂದು ಭಾರತದ ಅಂಚೆ ಇಲಾಖೆ ಕಾಲಾಣೆಯ ಪೋಸ್ಟ್ ಕಾರ್ಡನ್ನು ಮಾರಾಟಕ್ಕೆ ತಂದಿತು. ಆಗ ಮುಚ್ಚಿದ ಕಾಗದಕ್ಕೆ ಕನಿಷ್ಠ ಅರ್ಧಾಣೆ ಕೊಡಬೇಕಿತ್ತು. ಕಾರ್ಡು ಅದರ ಅರ್ಧ ಬೆಲೆಗೆ ಸಿಕ್ಕಿತು. ಉಳಿದ ಕಾಲಾಣೆಗೆ ಬದಲಾಗಿ ಬರೆಯುವವರು ಬಿಟ್ಟುಕೊಡಬೇಕಾದದ್ದು ಗುಟ್ಟನ್ನು. ಕಾರ್ಡಿನಲ್ಲಿ ಬರೆದದ್ದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು.

ಈ ವ್ಯವಹಾರ ಶುರುವಾದದ್ದು ನಮ್ಮಲ್ಲಲ್ಲ. ವಿಯೆನ್ನಾದ ಅರ್ಥಶಾಸ್ತ್ರಜ್ಞ ಎಮಾನುಯೆಲ್ ಹೆರ್ಮನ್ 1869ರ ಜನವರಿಯಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ನಾಲ್ಕು ಮಾತಿನ ಸುದ್ದಿಗೆ ಲಕೋಟೆಯ ಖರ್ಚು ಯಾಕೆ ಎಂದು ಕೇಳಿದ್ದ. ಅದೇ ವರ್ಷದ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೆರಿ ಜಗತ್ತಿನ ಮೊದಲ ಅಂಚೆ ಕಾರ್ಡನ್ನು ಹೊರತಂದಿತು. ಮೊದಲ ಮೂರು ತಿಂಗಳಲ್ಲೇ ಸುಮಾರು 30 ಲಕ್ಷ ಕಾರ್ಡುಗಳು ಖರ್ಚಾದವು. ಮರುವರ್ಷ ಬ್ರಿಟನ್ನಿಗೆ ಕಾರ್ಡು ಬಂದಾಗ, ಮನೆಯ ಆಳುಗಳೂ ಅಂಚೆಯವರೂ ನಮ್ಮ ವಿಷಯ ಓದಿಬಿಡುತ್ತಾರಲ್ಲ ಎಂದು ಅನುಕೂಲಸ್ಥರು ಗೊಣಗಿದರು. ಗೊಣಗುವವರು ಗೊಣಗುತ್ತಿರಲು, ಕೊಳ್ಳುವವರು ಕೊಳ್ಳುತ್ತಲೇ ಹೋದರು. ಖಾಸಗಿತನ ಒಂದು ಕಡೆ, ಅಗ್ಗ ಮತ್ತು ಅನುಕೂಲ ಇನ್ನೊಂದು ಕಡೆ: ತಕ್ಕಡಿ ಆಗಲೂ ಎತ್ತ ವಾಲಿತೆಂಬುದು ಸ್ಪಷ್ಟ.

ನಮ್ಮ ಜನ ಕಾರ್ಡನ್ನು ಬಳಸಿದ ರೀತಿಯಲ್ಲಿ ಒಂದು ಜಾಣತನ ಇತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರು ಊರಿಗೆ ಹಾಕಿದ ಕಾರ್ಡುಗಳಲ್ಲಿ ಕ್ಷೇಮಸಮಾಚಾರ ಇರುತ್ತಿತ್ತು, ಮಳೆ-ಬೆಳೆಯ ವಿಚಾರಣೆ ಇರುತ್ತಿತ್ತು. ಸಾಲ, ಜಗಳ, ಹೆಣ್ಣು ನೋಡುವ ಮಾತು ಬಂದರೆ ‘ಉಳಿದ ವಿಷಯ ಮುಖತಃ’ ಎಂದು ಬರೆದು ಕೈಮುಗಿಯುತ್ತಿದ್ದರು. ಬರೆಯುವವನಿಗೆ ತನ್ನ ಕಾರ್ಡನ್ನು ಯಾರ್ಯಾರು ಓದುತ್ತಾರೆಂಬುದು ಗೊತ್ತಿತ್ತು. ಓದು ಬಾರದ ಮನೆಯಲ್ಲಿ ಪೋಸ್ಟ್‌ಮ್ಯಾನೇ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದ. ಗುಟ್ಟಿನ ಮಾತಿದ್ದರೆ ಹೆಚ್ಚು ದುಡ್ಡು ಕೊಟ್ಟು ಲಕೋಟೆ ಕೊಳ್ಳಬಹುದಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಇವೆರಡರ ನಡುವೆ ಇನ್‌ಲ್ಯಾಂಡ್ ಲೆಟರ್ ಬಂತು. ಹೀಗೆ ಒಂದೇ ಕಿಟಕಿಯಲ್ಲಿ ಮೂರು ಬಗೆಯ ಖಾಸಗಿತನ ಮೂರು ಬೆಲೆಗೆ ಸಿಗುತ್ತಿತ್ತು. ಯಾವುದನ್ನು ಕೊಂಡರೂ ಏನು ಪಡೆದೆವು, ಏನು ಬಿಟ್ಟೆವು ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಆ ಕಾಲವನ್ನು ಹಾಡಿ ಹೊಗಳಬೇಕಾಗಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ತಂತಿಯನ್ನು ತಡೆಯುವ, 1898ರ ಅಂಚೆ ಕಾಯ್ದೆ ಕಾಗದವನ್ನು ತಡೆದಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದವು. ಮನೆಯೊಳಗಿನ ಕಾವಲು ಅದಕ್ಕಿಂತ ಬಿಗಿ. ಅತ್ತೆ-ಮಾವ ಓದುತ್ತಾರೆಂದು ಗೊತ್ತಿರುವ ಸೊಸೆ ತವರಿಗೆ ‘ಇಲ್ಲಿ ಎಲ್ಲ ಕ್ಷೇಮ’ ಎಂದಷ್ಟೇ ಬರೆದಳು. ಅಕ್ಷರ ಬಾರದ ತಾಯಿ ಮಗನಿಗೆ ಹೇಳಬೇಕಾದದ್ದನ್ನು ಪಕ್ಕದ ಮನೆಯ ಹುಡುಗನ ಮುಂದೆ ಹೇಳಿ ಬರೆಸಬೇಕಿತ್ತು. ಲಕೋಟೆಗೆ ಎಷ್ಟು ಅಂಟು ಹಚ್ಚಿದರೂ ಅವಳಿಗೆ ಗುಟ್ಟೆಂಬುದೇ ಇರಲಿಲ್ಲ.

ಇಂದು ಅದೇ ತಾಯಿ ಫೋನಿನ ಮೈಕು ಒತ್ತಿ ಹಿಡಿದು, ಪುಣೆಯಲ್ಲಿರುವ ಮಗಳಿಗೆ ತನ್ನ ಮಾತನ್ನು ತಾನೇ ಕಳಿಸುತ್ತಾಳೆ. ನಡುವೆ ಓದಿ ಹೇಳುವವರಿಲ್ಲ, ಬರೆದುಕೊಡುವವರಿಲ್ಲ. ‘ಈ ಜನಕ್ಕೆ ಖಾಸಗಿತನದ ಬೆಲೆಯೇ ಗೊತ್ತಿಲ್ಲ’ ಎನ್ನುವವರು ಇದನ್ನು ಮರೆಯಬಾರದು. ಖಾಸಗಿತನ ಕಳೆಯಿತು ಎಂದು ನಾವು ದೂರುವ ಈ ಆ್ಯಪ್‌ನಲ್ಲೇ ಎಷ್ಟೋ ಜನರಿಗೆ ಮೊದಲ ಸಲ ಖಾಸಗಿತನ ಸಿಕ್ಕಿದೆ.

ಹಾಗಾದರೆ ತೊಡಕು ಎಲ್ಲಿ? ವಾಟ್ಸ್‌ಆ್ಯಪ್‌ ಹುಟ್ಟಿದ್ದು 2009ರಲ್ಲಿ. 2014ರಲ್ಲಿ ಫೇಸ್‌ಬುಕ್‌ ಅದನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. 2016ರ ಏಪ್ರಿಲಿನಲ್ಲಿ ಎಲ್ಲ ಸಂದೇಶಗಳಿಗೂ ಬೀಗ ಬಿತ್ತು; ಕಳಿಸಿದವರು ಮತ್ತು ಪಡೆದವರ ಹೊರತು ಕಂಪನಿಯೂ ಓದಲಾರದು. ಅದೇ ಆಗಸ್ಟಿನಲ್ಲಿ ಇನ್ನೊಂದು ಪ್ರಕಟಣೆ ಬಂತು: ಬಳಕೆದಾರರ ಫೋನ್ ನಂಬರು, ಬಳಕೆಯ ವಿವರಗಳನ್ನು ಫೇಸ್‌ಬುಕ್‌ ಜೊತೆ ಹಂಚಿಕೊಳ್ಳಲಾಗುವುದು. ಅಂಚೆಯ ಭಾಷೆಯಲ್ಲಿ ಹೇಳುವುದಾದರೆ, ಕಾಗದ ಲಕೋಟೆಯೊಳಗೆ ಭದ್ರವಾಯಿತು, ಲಕೋಟೆಯ ಹೊರಮೈ ಲೆಕ್ಕದ ಪುಸ್ತಕ ಸೇರಿತು. ಹಳ್ಳಿಯ ಪೋಸ್ಟ್‌ಮ್ಯಾನ್ ಓದಿದ್ದನ್ನು ನಾಲ್ಕು ದಿನದಲ್ಲಿ ಮರೆಯುತ್ತಿದ್ದ. ಯಂತ್ರಕ್ಕೆ ಮರೆವಿಲ್ಲ. ಅದು ಕೂಡಿಡುತ್ತದೆ, ಒಂದಕ್ಕೊಂದು ತಾಳೆ ಹಾಕುತ್ತದೆ.

2016ರಲ್ಲಿ ಹಳೆಯ ಬಳಕೆದಾರರಿಗೆ ‘ಜಾಹೀರಾತಿಗಾಗಿ ನನ್ನ ವಿವರ ಹಂಚಬೇಡಿ’ ಎನ್ನಲು 30 ದಿನದ ಅವಕಾಶವಾದರೂ ಇತ್ತು. 2021ರ ಜನವರಿಯಲ್ಲಿ ಬಂದ ಹೊಸ ನೀತಿಯಲ್ಲಿ ಅದೂ ಇರಲಿಲ್ಲ. ಖಾಸಗಿ ಸಂದೇಶಗಳಿಗೆ ಇದರಿಂದ ಬಾಧಕವಿಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಜನ ಸಿಗ್ನಲ್‌ ಕಡೆ ನುಗ್ಗಿದರು. ಬಹಳ ಮಂದಿ ವಾಟ್ಸ್‌ಆ್ಯಪ್‌ ಅನ್ನೂ ಉಳಿಸಿಕೊಂಡರು. ಅದು ಸೋಮಾರಿತನವಲ್ಲ. ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ ಭಾರತದಲ್ಲಿ 53 ಕೋಟಿ ಬಳಕೆದಾರರಿದ್ದರು. ಮಕ್ಕಳ ಶಾಲೆಯ ಗುಂಪು, ದೆಹಲಿ-ಚೆನ್ನೈಗಳ ಕನ್ನಡ ಸಂಘದ ಗುಂಪು, ಊರಿನ ದೇವಸ್ಥಾನದ ಗುಂಪು ಎಲ್ಲವೂ ಅಲ್ಲೇ ಇದ್ದಾಗ ಒಬ್ಬರೇ ಹೊರಬಿದ್ದು ಹೋಗುವುದೆಲ್ಲಿಗೆ? ಈ ‘ಒಪ್ಪು ಇಲ್ಲವೇ ಬಿಡು’ ರೀತಿ ನ್ಯಾಯವಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಸಲ್ಲಿಸಿತು.

ಖಾಸಗಿತನ ಹಕ್ಕು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಕ್ಕೆ ಕನ್ನಡ ನಾಡಿನವರೊಬ್ಬರು ಕಾರಣರಾದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟು, ಸಂವಿಧಾನದಲ್ಲಿ ಅಂಥ ಹಕ್ಕಿಲ್ಲವೆಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆರು ವರ್ಷದ ನಂತರ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆ ಬಹುಮಟ್ಟಿಗೆ ನಿಂತಿರುವುದು ‘ಸಮ್ಮತಿ’ ಎಂಬ ಕಂಬದ ಮೇಲೆ.

ಸಮ್ಮತಿಗೆ ಬೆಲೆ ಬರುವುದು ಬೇಡವೆನ್ನಲು ದಾರಿ ಇದ್ದಾಗ. ಅಂಚೆಯ ಇತಿಹಾಸ ಹೇಳುವುದು ಇದನ್ನೇ. ಅನುಕೂಲಕ್ಕಾಗಿ ಗುಟ್ಟನ್ನು ಸ್ವಲ್ಪ ಬಿಟ್ಟುಕೊಡುವುದು ಜನರಿಗೆ ಹೊಸದಲ್ಲ, ತಪ್ಪೂ ಅಲ್ಲ. ಆದರೆ ಕಾರ್ಡು ಕೊಂಡವನಿಗೆ ಅದು ಕಾರ್ಡೆಂದು ಗೊತ್ತಿತ್ತು, ಪಕ್ಕದಲ್ಲೇ ಲಕೋಟೆಯೂ ಮಾರಾಟಕ್ಕಿತ್ತು. ಇನ್ನು ಮುಂದೆ ಯಾವ ಕಂಪನಿ ‘ಒಪ್ಪಿಗೆ’ ಎಂಬ ಗುಂಡಿಯನ್ನು ಮುಂದಿಟ್ಟರೂ ನಾವು ಕೇಳಬೇಕಾದದ್ದು, ನಮ್ಮ ಸರ್ಕಾರ ಕೇಳುವಂತೆ ಮಾಡಬೇಕಾದದ್ದು ಎರಡೇ ಪ್ರಶ್ನೆ: ಇದನ್ನು ಯಾರು ಓದುತ್ತಾರೆ? ಲಕೋಟೆ ಎಲ್ಲಿ ಸಿಗುತ್ತದೆ?