ಹಳೆಯ ವಿಧಿಗಳ ಹೊಸ ಜೋಡಣೆ

ಕುಂಸಿಯಿಂದ ಸಾಗರದತ್ತ ಹೋಗುವ ಹಾದಿಯು ಆನಂದಪುರವನ್ನು ದಾಟಿ ಇಕ್ಕೇರಿ ಕೆಳದಿಗಳ ಸೀಮೆಯನ್ನು ಸೇರುತ್ತದೆ. ಆ ಸೀಮೆಯನ್ನು 17ನೆಯ ಶತಮಾನದ ಆದಿಯಲ್ಲಿ ಆಳುತ್ತಿದ್ದ ವೆಂಕಟಪ್ಪನಾಯಕನ ಆದೇಶದಂತೆ ತತ್ತ್ವಕೌಸ್ತುಭವೆಂಬ ವೇದಾಂತಗ್ರಂಥವನ್ನು ರಚಿಸಿದವನು ಭಟ್ಟೋಜಿ ದೀಕ್ಷಿತನು. ಆದರೆ ಪಾಠಶಾಲೆಗಳಲ್ಲಿ ಅವನ ಹೆಸರು ನಿಂತಿರುವುದು ಸಿದ್ಧಾಂತಕೌಮುದಿಯಿಂದ. ಗಣಕಯಂತ್ರದ ಹಳೆಯ ಪ್ರೋಗ್ರಾಮುಗಳನ್ನು ಹೊಸ ರೀತಿಯಲ್ಲಿ ತಿದ್ದಿ ಬರೆಯುವ ಇಂದಿನ ತರುಣರಿಗೆ ಒದಗುವ ತೊಡಕೇ ಆ ಗ್ರಂಥವನ್ನು ಬರೆಯುವಾಗ ದೀಕ್ಷಿತನಿಗೂ ಒದಗಿತ್ತು.

ಪಾಣಿನಿಯು ಸುಮಾರು 4000 ಸೂತ್ರಗಳನ್ನು 8 ಅಧ್ಯಾಯ, 32 ಪಾದಗಳಲ್ಲಿ ಅಡಗಿಸಿದನು. ಒಮ್ಮೆ ಹೇಳಿದ ಪದವು ಮುಂದಿನ ಸೂತ್ರಗಳಿಗೆ ತಾನಾಗಿಯೇ ಹರಿದು ಬರುವುದು. ಇದಕ್ಕೆ ಅನುವೃತ್ತಿಯೆಂದು ಹೆಸರು. ಆದುದರಿಂದ ಸೂತ್ರದ ಸ್ಥಾನವೂ ಅದರ ಅರ್ಥದಲ್ಲಿ ಸೇರಿದೆ. ಒಂದು ಪದವನ್ನು ಸಾಧಿಸಲು ಆರನೆಯ ಅಧ್ಯಾಯದಿಂದ ಎಂಟಕ್ಕೂ ಎಂಟರಿಂದ ಒಂದಕ್ಕೂ ನೆಗೆಯಬೇಕು. ಸಮಗ್ರವನ್ನೂ ಕಂಠಪಾಠ ಮಾಡದವನಿಗೆ ಇದು ಬಾಗಿಲು ತೆರೆಯದ ಮನೆ. ಧರ್ಮಕೀರ್ತಿಯ ರೂಪಾವತಾರವೂ ರಾಮಚಂದ್ರನ ಪ್ರಕ್ರಿಯಾಕೌಮುದಿಯೂ ಸೂತ್ರಗಳನ್ನು ವಿಷಯಾನುಸಾರವಾಗಿ ಜೋಡಿಸಿದುವು, ಆದರೆ ಅನೇಕವನ್ನು ಕೈಬಿಟ್ಟುವು. ದೀಕ್ಷಿತನು ವೈದಿಕ ಸ್ವರಪ್ರಕರಣಗಳ ಸಹಿತ ಸಕಲವನ್ನೂ ಉಳಿಸಿಕೊಂಡನು.

'ಇತಿ ಆದಿ' ಎಂಬುದು 'ಇತ್ಯಾದಿ'ಯಾಗುವ ವಿಧಿಯನ್ನು ನೋಡಬಹುದು. 'ಸಂಹಿತೆಯಲ್ಲಿ', ಎಂದರೆ ವರ್ಣಗಳು ಒತ್ತಾಗಿ ಸೇರಿದಾಗ, ಎಂಬ ನಿಬಂಧನೆಯು ಆ ಸೂತ್ರದಲ್ಲಿಲ್ಲ. ಐದು ಸೂತ್ರಗಳ ಹಿಂದಿನಿಂದ ಬರತಕ್ಕದ್ದು. ಸ್ಥಾನ ಬದಲಾದೊಡನೆ ಆ ಹರಿವು ಕಡಿಯುವುದರಿಂದ ದೀಕ್ಷಿತನು ಅದನ್ನು ವೃತ್ತಿಯಲ್ಲಿ ಬಾಯಿಬಿಟ್ಟು ಹೇಳಿದನು. ಇದು ಸುಲಭದ ಸಂಗತಿ. ಕಠಿನವಾದುದು ಬೇರೆ. 'ಹರೇ ಇಹ' ಎಂಬಲ್ಲಿ 'ಹರಯ್ ಇಹ' ಎಂದಾಗಿ, ಯಕಾರವು ಲೋಪವಾಗಿ, 'ಹರ ಇಹ' ಎಂದು ನಿಲ್ಲುವುದು. ಅಲ್ಲಿ ಗುಣಸಂಧಿಯಾಗಿ 'ಹರೇಹ' ಎಂದು ಏಕಾಗದು? ಕೊನೆಯ ಮೂರು ಪಾದಗಳ ಕಾರ್ಯವು ಅದಕ್ಕೆ ಹಿಂದಿನ ಸೂತ್ರಗಳ ದೃಷ್ಟಿಗೆ ನಡೆದೇ ಇಲ್ಲದಂತೆ ಎಂದು ಪಾಣಿನಿಯ ನಿಯಮ. ಯಲೋಪವು 8.3.19, ಗುಣವು 6.1.87, ಗುಣದ ಕಣ್ಣಿಗೆ ಯಕಾರವು ಇನ್ನೂ ಅಲ್ಲಿಯೇ ಇದೆ. ಕೌಮುದಿಯಲ್ಲಾದರೋ ಯಲೋಪವು ಮೊದಲು, ಗುಣವು ಆಮೇಲೆ! ಹೊಸ ಕ್ರಮವನ್ನೇ ನಂಬಿದವನು 'ಹರೇಹ' ಎಂದೇ ಬರೆದಾನು.

ಯಂತ್ರದ ಭಾಷೆಗಳಲ್ಲಿಯೂ ಹೀಗೆಯೇ ನಡೆದಿದೆ. ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸನ ನೇತೃತ್ವದಲ್ಲಿ 1957ರಲ್ಲಿ ಹೊರಬಂದ ಫೋರ್ಟ್ರಾನಿನಲ್ಲಿ ಸಾಲಿನಿಂದ ಸಾಲಿಗೆ ನೆಗೆಯುವ 'ಗೋ ಟು' ಆಜ್ಞೆಯಿತ್ತು. ಅದರಿಂದಾಗುವ ಗೊಂದಲವನ್ನು 1968ರಲ್ಲಿ ಡೈಕ್‌ಸ್ಟ್ರನು ಖಂಡಿಸಿದನು. ನೆಗೆತವಾದರೂ ಕಣ್ಣಿಗೆ ಕಾಣುವುದು, ಮೌನವಾದ ನಿಯಮವು ಕಾಣದು. ಐ ಮೊದಲ್ಗೊಂಡು ಎನ್ ವರೆಗಿನ ಅಕ್ಷರಗಳಿಂದ ಆರಂಭವಾಗುವ ಹೆಸರು, ಬೇರೆ ಘೋಷಣೆಯಿಲ್ಲದಿದ್ದರೆ, ಪೂರ್ಣಾಂಕವನ್ನು ಮಾತ್ರ ಹಿಡಿಯುವುದು. 'ಎನ್'ನಲ್ಲಿ 3.7ನ್ನು ಇಟ್ಟರೆ ಉಳಿಯುವುದು 3. ಹೆಸರು ಅಸ್ಪಷ್ಟವೆಂದು ಅದನ್ನು 'ವೆಯಿಟ್' ಎಂದು ತಿದ್ದಿದವನಿಗೆ 3.7 ಉಳಿದು, ಮುಂದಿನ ಲೆಕ್ಕವೆಲ್ಲವೂ ಬೇರೆಯಾಗುವುದು. 1990ರ ಪರಿಷ್ಕೃತ ಫೋರ್ಟ್ರಾನು ಈ ಮೌನನಿಯಮವನ್ನು ರದ್ದುಗೊಳಿಸುವ ಆಜ್ಞೆಯೊಂದನ್ನು ಒದಗಿಸಿತು. ಆಗ ಪ್ರತಿಯೊಂದು ಹೆಸರಿನ ಜಾತಿಯನ್ನೂ ಘೋಷಿಸಲೇಬೇಕು. ದೀಕ್ಷಿತನ ವೃತ್ತಿಯ ಕೆಲಸವೇ ಇದು.

ಅವನಿಗೆ ವಿರೋಧಿಗಳು ಇಲ್ಲದಿರಲಿಲ್ಲ. ಕೌಮುದಿಗೆ ಅವನೇ ಬರೆದ ಪ್ರೌಢಮನೋರಮೆಯನ್ನು ಜಗನ್ನಾಥಪಂಡಿತನು ಕಟುವಾಗಿ ಖಂಡಿಸಿದನು. 19ನೆಯ ಶತಮಾನದಲ್ಲಿ ಮಥುರೆಯ ವಿರಜಾನಂದರು ಕೌಮುದಿಯನ್ನೇ ದೂರವಿಟ್ಟು ಅಷ್ಟಾಧ್ಯಾಯಿಯನ್ನು ಕಲಿಸಿದರು. ಅವರ ಆಕ್ಷೇಪದಲ್ಲಿ ತಿರುಳಿದೆ. ಆದರೂ ದೀಕ್ಷಿತನ ಶಿಷ್ಯ ವರದರಾಜನ ಲಘುಕೌಮುದಿಯಿಲ್ಲದೆ ಎಷ್ಟು ಮಕ್ಕಳು ವ್ಯಾಕರಣದ ಹೊಸ್ತಿಲನ್ನು ದಾಟುತ್ತಿದ್ದರು?

ಮುದ್ರಿತ ಕೌಮುದಿಯಲ್ಲಿ 'ಇತ್ಯಾದಿ'ಯನ್ನು ಸಾಧಿಸುವ ಆ ಸೂತ್ರಕ್ಕೆ ಇಂದಿಗೂ ಎರಡು ಅಂಕೆಗಳಿವೆ: ಹೊಸ ಸಾಲಿನಲ್ಲಿ 47, ಹಳೆಯ ಮನೆಯಲ್ಲಿ 6.1.77.