ಪ್ಲಾಸ್ಮಾ ಕೊಳ್ಳಬೇಕೇ, ಎಲ್‌ಸಿಡಿ ಕೊಳ್ಳಬೇಕೇ? ಒಂದು ಪ್ರಶ್ನೆಯ ಇತಿಹಾಸ



2005ರಿಂದ 2010ರವರೆಗಿನ ವರ್ಷಗಳಲ್ಲಿ ಹೊಸ ಟಿ.ವಿ. ಕೊಳ್ಳಲು ಅಂಗಡಿಗೆ ಹೋದ ಅನೇಕ ಕುಟುಂಬಗಳ ಮುಂದೆ ಒಂದು ಪ್ರಶ್ನೆ ಇತ್ತು: ಪ್ಲಾಸ್ಮಾವೋ, ಎಲ್‌ಸಿಡಿಯೋ? ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಎರಡೂ ಗೋಡೆಗೆ ತೂಗುಹಾಕುವಷ್ಟು ತೆಳುವಾಗಿದ್ದವು, ಎರಡೂ ಪಿಕ್ಚರ್ ಟ್ಯೂಬಿನ ಹಳೆಯ ಟಿ.ವಿ.ಗಿಂತ ಬಹಳ ದುಬಾರಿಯಾಗಿದ್ದವು. ಅಂಗಡಿಯವರು ತಮ್ಮಲ್ಲಿ ದಾಸ್ತಾನಿದ್ದುದನ್ನು ಹೊಗಳುತ್ತಿದ್ದರು, ನೆರೆಮನೆಯವರು ತಾವು ಕೊಂಡದ್ದನ್ನು ಹೊಗಳುತ್ತಿದ್ದರು. (ಮನೆಯಲ್ಲಿ ಟಿ.ವಿ. ಇರಬೇಕೇ ಬೇಡವೇ ಎಂದು ನಮ್ಮ ಸಮಾಜದಲ್ಲಿ ನಡೆದ ಚರ್ಚೆ ಬೇರೆಯೇ ವಿಷಯ. ಅದನ್ನು ಇಲ್ಲಿ ಎತ್ತುವುದಿಲ್ಲ.) ಇಂದು ನೀವು ಅಂಗಡಿಯಲ್ಲಿ ಪ್ಲಾಸ್ಮಾ ಕೇಳಿದರೆ ಸಿಗುವುದಿಲ್ಲ. ಚಿತ್ರದ ಗುಣಮಟ್ಟದಲ್ಲಿ ಮುಂದಿದ್ದದ್ದೇ ಸೋತು ಹೋಯಿತು. ವಿದ್ಯಾರ್ಥಿಗಳಾದ ನೀವು ಈ ಕಥೆಯನ್ನು ತಿಳಿಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಪ್ಲಾಸ್ಮಾ ಪರದೆ ಹುಟ್ಟಿದ್ದು ಸಿನಿಮಾ ನೋಡುವುದಕ್ಕಲ್ಲ, ಪಾಠ ಕಲಿಯುವುದಕ್ಕೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್ 1960ರಲ್ಲಿ 'ಪ್ಲೇಟೋ' ಎಂಬ ಯೋಜನೆಯನ್ನು ಆರಂಭಿಸಿದರು. ಒಂದು ದೊಡ್ಡ ಕಂಪ್ಯೂಟರಿಗೆ ಹಲವಾರು ಪರದೆಗಳನ್ನು ಜೋಡಿಸಿ, ಪ್ರತಿ ವಿದ್ಯಾರ್ಥಿಯೂ ತನ್ನ ವೇಗಕ್ಕೆ ತಕ್ಕಂತೆ ಕಲಿಯುವಂತೆ ಮಾಡುವುದು ಅದರ ಉದ್ದೇಶ. ಇಲ್ಲಿ ಅಡ್ಡಿಯಾದದ್ದು ಪಿಕ್ಚರ್ ಟ್ಯೂಬ್. ಅದರ ಮೇಲೆ ಮೂಡಿದ ಚಿತ್ರ ಕ್ಷಣಮಾತ್ರದಲ್ಲಿ ಮಾಯವಾಗುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಲ ಮತ್ತೆ ಮತ್ತೆ ಬರೆಯುತ್ತಿರಬೇಕು. ಹಾಗೆ ಬರೆಯಲು ಚಿತ್ರವನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಬೇಕು. ಆ ಕಾಲದಲ್ಲಿ ಮೆಮೊರಿಯ ಬೆಲೆ ಎಷ್ಟಿತ್ತೆಂದರೆ ಪ್ರತಿ ವಿದ್ಯಾರ್ಥಿಯ ಮೇಜಿಗೂ ಅದನ್ನು ಒದಗಿಸುವುದು ಆಗದ ಮಾತಾಗಿತ್ತು.

1964ರಲ್ಲಿ ಬಿಟ್ಜರ್, ಅವರ ಸಹೋದ್ಯೋಗಿ ಜೀನ್ ಸ್ಲಾಟೊ ಮತ್ತು ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಇದಕ್ಕೆ ಒಂದು ಉಪಾಯ ಕಂಡುಹಿಡಿದರು. ಎರಡು ಗಾಜಿನ ಹಾಳೆಗಳ ನಡುವೆ ಅತಿ ಚಿಕ್ಕ ಕೋಶಗಳು, ಅವುಗಳೊಳಗೆ ಜಡ ಅನಿಲ. ವಿದ್ಯುತ್ ಹರಿಸಿದರೆ ಆ ಕೋಶದ ಅನಿಲ ಪ್ಲಾಸ್ಮಾ ಸ್ಥಿತಿಗೆ ಬಂದು ಬೆಳಗುತ್ತದೆ. ಇದರ ದೊಡ್ಡ ಅನುಕೂಲವೆಂದರೆ, ಒಮ್ಮೆ ಹೊತ್ತಿಸಿದ ಕೋಶ ಆರಿಸುವವರೆಗೂ ಹೊತ್ತಿಕೊಂಡೇ ಇರುತ್ತಿತ್ತು. ಅಂದರೆ ಪರದೆಯೇ ಮೆಮೊರಿಯಾಯಿತು. 1970ರ ದಶಕದಲ್ಲಿ ವಿದ್ಯಾರ್ಥಿಗಳ ಮುಂದೆ ಬಂದ ಪ್ಲೇಟೋ ಪರದೆಗಳು ಕಿತ್ತಳೆ ಬಣ್ಣದಲ್ಲಿ ಬೆಳಗುತ್ತಿದ್ದವು, ಅಡ್ಡಲಾಗಿ 512, ಉದ್ದಕ್ಕೆ 512 ಚುಕ್ಕಿಗಳು. ಬೆರಳಿನಿಂದ ಮುಟ್ಟಿ ಉತ್ತರ ಕೊಡುವ ವ್ಯವಸ್ಥೆಯೂ ಅವುಗಳಲ್ಲಿ ಇತ್ತು. ಇಂದು ಮೊಬೈಲಿನ ಮೇಲೆ ಬೆರಳಾಡಿಸುವ ನೀವು ಇದನ್ನು ಒಮ್ಮೆ ಯೋಚಿಸಿ ನೋಡಿ. ಈ ಮೂವರಿಗೆ ಟೆಲಿವಿಷನ್ ಜಗತ್ತಿನ ಎಮ್ಮಿ ಪ್ರಶಸ್ತಿ ಬಂದದ್ದು 2002ರಲ್ಲಿ, 38 ವರ್ಷಗಳ ನಂತರ!

ಎಲ್‌ಸಿಡಿಯ ಮೂಲ ಇನ್ನೂ ಹಳೆಯದು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟ್ರಾಲಿನಿಂದ ಒಂದು ಸಂಯುಕ್ತವನ್ನು ತಯಾರಿಸಿ ಕಾಯಿಸುತ್ತಿದ್ದರು. ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಮತ್ತೊಮ್ಮೆ ಬದಲಾಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳೇ? ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಅಣುಗಳು ಸಾಲಾಗಿ ನಿಲ್ಲುವ ಈ ಸ್ಥಿತಿಗೆ 'ದ್ರವ ಸ್ಫಟಿಕ' ಎಂಬ ಹೆಸರು ಬಂತು. ಸುಮಾರು 80 ವರ್ಷ ಇದು ಪ್ರಯೋಗಾಲಯದ ಕೌತುಕವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮೈಯರ್ ಅವರ ತಂಡ ದ್ರವ ಸ್ಫಟಿಕದ ಪರದೆಯನ್ನು ಜಗತ್ತಿಗೆ ತೋರಿಸಿತು. ಆದರೆ ಆರ್‌ಸಿಎ ಪಿಕ್ಚರ್ ಟ್ಯೂಬಿನಿಂದ ಚೆನ್ನಾಗಿ ಹಣ ಗಳಿಸುತ್ತಿತ್ತು. ತನ್ನ ಮನೆಯಲ್ಲೇ ಹುಟ್ಟಿದ ಕೂಸನ್ನು ಅದು ಸಾಕಲಿಲ್ಲ. ಸಾಕಿದ್ದು ಜಪಾನಿನ ಶಾರ್ಪ್ ಕಂಪನಿ, ಅದೂ ಟಿ.ವಿ.ಯಲ್ಲಲ್ಲ, 1973ರ ಒಂದು ಕಿಸೆಯ ಕ್ಯಾಲ್ಕುಲೇಟರಿನಲ್ಲಿ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆಯವರು) 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವನ್ನು ಮುನ್ನಡೆಸಿ, ನಂತರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿಯವರೆಗೆ ಗೊತ್ತಿದ್ದ ದ್ರವ ಸ್ಫಟಿಕಗಳ ಅಣುಗಳು ಕಡ್ಡಿಯಾಕಾರದವು. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹಳೆಯ ಎಲ್‌ಸಿಡಿ ಪರದೆಯನ್ನು ಪಕ್ಕಕ್ಕೆ ಕುಳಿತು ನೋಡಿದರೆ ಬಣ್ಣ ಕೆಡುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆ ದೋಷವನ್ನು ಕಡಿಮೆ ಮಾಡಲು 1990ರ ದಶಕದಲ್ಲಿ ಫ್ಯೂಜಿ ಕಂಪನಿ ಕಂಪ್ಯೂಟರ್ ಪರದೆಗಳಿಗಾಗಿ ತಂದ ತೆಳು ಪೊರೆಯಲ್ಲಿ ಬಳಸಿದ್ದು ಈ ಬಿಲ್ಲೆಯಾಕಾರದ ಜಾತಿಯ ಅಣುಗಳನ್ನೇ.

ಇನ್ನು ಅಂಗಡಿಗೆ ಬರೋಣ. ಬಣ್ಣದ ಪ್ಲಾಸ್ಮಾ ನಮ್ಮ ಟ್ಯೂಬ್‌ಲೈಟಿನ ಹತ್ತಿರದ ಬಂಧು. ಕೋಶದೊಳಗಿನ ನಿಯಾನ್, ಕ್ಸೆನಾನ್ ಅನಿಲಗಳು ಅತಿನೇರಳೆ ಕಿರಣ ಹೊಮ್ಮಿಸುತ್ತವೆ, ಅದು ಫಾಸ್ಫರ್ ಲೇಪಕ್ಕೆ ತಗುಲಿ ಕೆಂಪು, ಹಸಿರು, ನೀಲಿ ಬೆಳಕಾಗುತ್ತದೆ. ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕತ್ತಲೆ ಕತ್ತಲೆಯಾಗಿಯೇ ಕಾಣುತ್ತದೆ, ಓಡುವ ಚೆಂಡು ಮಸುಕಾಗುವುದಿಲ್ಲ, ಯಾವ ಮೂಲೆಯಿಂದ ನೋಡಿದರೂ ಬಣ್ಣ ಒಂದೇ. ಎಲ್‌ಸಿಡಿ ಹಾಗಲ್ಲ. ಅದರ ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ದ್ರವ ಸ್ಫಟಿಕದ ಅಣುಗಳು ಕಿಟಕಿಯ ಪರದೆಯಂತೆ ಆ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಪೂರ್ತಿ ತಡೆಯಲಾರದ್ದರಿಂದ ಕಪ್ಪು ಬಣ್ಣ ಬೂದಿಯಂತೆ ಕಾಣುತ್ತಿತ್ತು. 2009ರಿಂದ 'ಎಲ್‌ಇಡಿ ಟಿ.ವಿ.' ಎಂದು ಅಬ್ಬರದಿಂದ ಮಾರಿದ್ದೂ ಎಲ್‌ಸಿಡಿಯೇ. ಬದಲಾದದ್ದು ಹಿಂದಿನ ದೀಪ ಮಾತ್ರ. ಈ ಹೆಸರಿನಿಂದ ಮೋಸ ಹೋದವರು ಕಡಿಮೆಯಿಲ್ಲ.

ಹಾಗಾದರೆ ಪ್ಲಾಸ್ಮಾ ಸೋತದ್ದೇಕೆ? ಅದು ಭಾರ, ಬಿಸಿಯಾಗುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ಒಂದೇ ಚಾನೆಲ್ ಗಂಟೆಗಟ್ಟಲೆ ಹಾಕಿಟ್ಟರೆ ಮೂಲೆಯ ಲಾಂಛನ ಪರದೆಯ ಮೇಲೆ ಅಚ್ಚೊತ್ತುತ್ತದೆ ಎಂಬ ದೂರುಗಳಿದ್ದವು. ಇವೆಲ್ಲ ನಿಜವೇ. ಹಗಲಿನಂತೆ ದೀಪ ಉರಿಯುವ ಅಂಗಡಿಯಲ್ಲಿ ಎಲ್‌ಸಿಡಿ ಹೆಚ್ಚು ಹೊಳೆಯುತ್ತಿತ್ತು. ಪ್ಲಾಸ್ಮಾದ ಸೊಗಸು ಕಾಣುವುದು ರಾತ್ರಿ, ಮನೆಯಲ್ಲಿ, ದೀಪ ಆರಿಸಿದ ಮೇಲೆ. ಆದರೆ ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಬೇರೆ. ಪ್ಲಾಸ್ಮಾದ ಕೋಶಗಳನ್ನು ತೀರ ಚಿಕ್ಕದಾಗಿಸುವುದು ಕಷ್ಟ. 1997ರಲ್ಲಿ ಅಮೆರಿಕದಲ್ಲಿ ಸುಮಾರು 15 ಸಾವಿರ ಡಾಲರಿಗೆ ಮಾರಾಟಕ್ಕೆ ಬಂದ 42 ಇಂಚಿನ ಪ್ಲಾಸ್ಮಾ ದೊಡ್ಡದಾಗಿಯೇ ಬಂತು, ಅದರ ಮುಂದಿನವೂ ದೊಡ್ಡದಾಗಿಯೇ ಉಳಿದವು. ಎಲ್‌ಸಿಡಿ ಕ್ಯಾಲ್ಕುಲೇಟರಿನಿಂದ ಕೈಗಡಿಯಾರಕ್ಕೆ, ಅಲ್ಲಿಂದ ಲ್ಯಾಪ್‌ಟಾಪಿಗೆ, ಮೊಬೈಲಿಗೆ ನಡೆದು ಕೊನೆಗೆ ಗೋಡೆಗೆ ಏರಿತು. ಪ್ರತಿ ಮೆಟ್ಟಿಲಲ್ಲೂ ಅದಕ್ಕೆ ಗಿರಾಕಿಗಳಿದ್ದರು, ಕಾರ್ಖಾನೆಗಳಿಗೆ ಬಂಡವಾಳ ಬಂತು, ಬೆಲೆ ಇಳಿಯಿತು. ಟಿ.ವಿ. ಮಾತ್ರ ನಂಬಿದ್ದ ಪ್ಲಾಸ್ಮಾ ಈ ಬಲದ ಮುಂದೆ ನಿಲ್ಲಲಿಲ್ಲ. 2007ರ ಕೊನೆಯ ಮೂರು ತಿಂಗಳಲ್ಲಿ ಜಗತ್ತಿನಲ್ಲಿ ಎಲ್‌ಸಿಡಿ ಟಿ.ವಿ.ಗಳ ಮಾರಾಟ ಮೊದಲ ಸಲ ಪಿಕ್ಚರ್ ಟ್ಯೂಬ್ ಟಿ.ವಿ.ಗಳನ್ನೂ ದಾಟಿತು.

ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವವರಿರುವ ಮನೆಗಳಲ್ಲಿ ಈ ಆಯ್ಕೆ ಅಲ್ಲಿನ ಅಂಗಡಿಗಳಲ್ಲೇ ನಡೆಯುತ್ತಿತ್ತು. ರಜೆಯಲ್ಲಿ ಊರಿಗೆ ಬರುವವರು ಬಟ್ಟೆಬರೆ, ಖರ್ಜೂರಗಳ ಜೊತೆಗೆ ಟಿ.ವಿ. ಪೆಟ್ಟಿಗೆಯನ್ನೂ ವಿಮಾನಕ್ಕೆ ಏರಿಸುತ್ತಿದ್ದರು. ಇಲ್ಲಿ ಭಾರ ಕಡಿಮೆಯಿದ್ದ ಎಲ್‌ಸಿಡಿಗೆ ಅನುಕೂಲ ಎಂದು ಬೇರೆ ಹೇಳಬೇಕಿಲ್ಲ. ಆಗ 35,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ವಿನಾಯಿತಿ ಇತ್ತು. 2013ರ ಆಗಸ್ಟ್ 26ರಿಂದ ಕೇಂದ್ರ ಸರಕಾರ ಚಪ್ಪಟೆ ಟಿ.ವಿ.ಗಳನ್ನು ಈ ವಿನಾಯಿತಿಯಿಂದ ಹೊರಗಿಟ್ಟು, ಸೆಸ್ ಸೇರಿ ಶೇಕಡಾ 36.05 ಸುಂಕ ಹಾಕಿತು. ಎಲ್‌ಸಿಡಿ, ಎಲ್‌ಇಡಿ, ಪ್ಲಾಸ್ಮಾ ಮೂರಕ್ಕೂ ಒಂದೇ ನಿಯಮ.

ಅಷ್ಟರಲ್ಲಿ ಪ್ಲಾಸ್ಮಾದ ಕಾಲ ಮುಗಿಯುತ್ತ ಬಂದಿತ್ತು. ಕಪ್ಪು ಬಣ್ಣಕ್ಕೆ ಹೆಸರಾಗಿದ್ದ 'ಕುರೋ' ಟಿ.ವಿ.ಗಳ ಪಯನಿಯರ್ ಕಂಪನಿ 2009ರಲ್ಲಿಯೇ ಟಿ.ವಿ. ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತ್ತು. 2013ರ ಅಕ್ಟೋಬರಿನಲ್ಲಿ ಪ್ಯಾನಾಸೋನಿಕ್, 2014ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸುವುದಾಗಿ ಹೇಳಿದವು. ಬಿಟ್ಜರ್ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಎಲ್‌ಸಿಡಿಯನ್ನು ಸಾಕಿ ಬೆಳೆಸಿದ ಶಾರ್ಪ್ ಕೂಡ 2016ರಲ್ಲಿ ತೈವಾನಿನ ಕಂಪನಿಯೊಂದರ ಕೈಸೇರಿತು. 2009ರಲ್ಲಿ ಜಪಾನಿನ ಸಕಾಯಿಯಲ್ಲಿ ಅದು ಆರಂಭಿಸಿದ್ದ ಬೃಹತ್ ಕಾರ್ಖಾನೆಯಲ್ಲಿ ಟಿ.ವಿ. ಪರದೆಗಳ ತಯಾರಿಕೆ 2024ರ ಆಗಸ್ಟಿನಲ್ಲಿ ನಿಂತಿತು. ಆ ಜಾಗದ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರಿಗಾಗಿ ಸಾಫ್ಟ್‌ಬ್ಯಾಂಕ್ ಕಂಪನಿ ಕೊಂಡುಕೊಂಡಿದೆ.