ಮನಸ್ಸೆಯ ಎರಡು ಚರಿತ್ರೆಗಳು

ಕಳೆದ ವರ್ಷ ನಮ್ಮ ಸಭೆಗೆ ನೂರು ವರ್ಷ ತುಂಬಿತು. ಸ್ಮರಣ ಸಂಚಿಕೆಗೆ ಸಭೆಯ ಚರಿತ್ರೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವನಿಗೆ ಇಂಥ ಕೆಲಸಗಳು ತಪ್ಪುವುದಿಲ್ಲ. ಹಳೆಯ ನಡಾವಳಿ ಪುಸ್ತಕಗಳನ್ನು ಓದುತ್ತಿದ್ದಾಗ ಒಂದು ಪುಟದಲ್ಲಿ ಕಣ್ಣು ನಿಂತಿತು. ಮೊದಲ ವರ್ಷಗಳಲ್ಲಿ ಆರಾಧನೆಗೆ ಬರುತ್ತಿದ್ದವರು ಬಿಟ್ಟುಬಂದ ಜಾತಿಯ ಲೆಕ್ಕದಲ್ಲೇ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರಂತೆ. ಅದನ್ನೂ ಎರಡು ಪ್ಯಾರಾ ಬರೆದೆ. ಕರಡು ಓದಿದ ಸಮಿತಿಯ ಹಿರಿಯರೊಬ್ಬರು ಮೆಲ್ಲಗೆ, "ಇದೊಂದು ಬೇಡ ಕಣಪ್ಪ. ಸಭೆಯ ಚರಿತ್ರೆ ಓದಿದರೆ ನಂಬಿಕೆ ಹೆಚ್ಚಬೇಕು" ಎಂದರು.

ಅವರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ನಂಬಿಕೆ ಹೆಚ್ಚಲೆಂದೇ ಬರೆದ ಚರಿತ್ರೆ ಬೈಬಲಿನಲ್ಲಿಯೇ ಇದೆಯಲ್ಲ, ಅದು ಹೇಗಿದೆ ನೋಡೋಣ ಎಂದು ಆ ಪುಸ್ತಕಗಳನ್ನು ಮತ್ತೆ ತೆರೆದೆ.

ಹಳೆಯ ಒಡಂಬಡಿಕೆಯಲ್ಲಿ ಯೆಹೋಶುವದಿಂದ ಎಸ್ತೇರಳವರೆಗಿನ 12 ಪುಸ್ತಕಗಳನ್ನು ಪ್ರೊಟೆಸ್ಟಂಟರು ಚರಿತ್ರೆಯ ಪುಸ್ತಕಗಳು ಎನ್ನುತ್ತಾರೆ. ಕಥೋಲಿಕರ ಬೈಬಲಿನಲ್ಲಿ ಇವುಗಳ ಜೊತೆ ಇನ್ನೂ ನಾಲ್ಕು ಸೇರುತ್ತವೆ. ಯೆಹೂದ್ಯರ ವಿಂಗಡಣೆ ಬೇರೆ. ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಅರಸುಗಳು ಅವರಿಗೆ 'ಮೊದಲ ಪ್ರವಾದಿಗಳು'. ಈ ಹೆಸರು ಯೋಚಿಸುವಂಥದ್ದು. ಪ್ರವಾದಿಯ ಕೆಲಸ ಅರಸನನ್ನು ಹೊಗಳುವುದಲ್ಲ, ಎದುರು ನಿಂತು ಲೆಕ್ಕ ಕೇಳುವುದು. ದಾವೀದನ ಮುಂದೆ ನಾತಾನ ಮಾಡಿದ್ದೂ ಅಹಾಬನ ಮುಂದೆ ಎಲೀಯ ಮಾಡಿದ್ದೂ ಅದನ್ನೇ.

ಶಾಸನಗಳ ಪ್ರಶಸ್ತಿ ಭಾಗವನ್ನು ಓದಿ ರೂಢಿಯಾದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪ್ರಶಸ್ತಿಯಲ್ಲಿ ಅರಸ ಸೋಲುವುದಿಲ್ಲ. ಆ ಕಾಲದ ಪಶ್ಚಿಮ ಏಷ್ಯಾದಲ್ಲೂ ವಾಡಿಕೆ ಹೀಗೇ ಇತ್ತು. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದ. ಕೋಟೆಯುಳ್ಳ 46 ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಜೆರುಸಲೇಮಿನಲ್ಲೇ ಕೂಡಿಹಾಕಿದೆ, ಕಪ್ಪ ಪಡೆದೆ ಎಂದು ಅವನು ಬರೆಸಿದ ಜೇಡಿಮಣ್ಣಿನ ಆರುಮುಖದ ದಾಖಲೆ ಇಂದಿಗೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜೆರುಸಲೇಮನ್ನು ಹಿಡಿದೆ ಎಂದು ಮಾತ್ರ ಅದರಲ್ಲಿ ಇಲ್ಲ. ಆ ಸೋಲನ್ನು ಅವನು ಮೌನದಲ್ಲಿ ಮುಚ್ಚಿಟ್ಟ. ಇತ್ತ ಅರಸುಗಳು ಪುಸ್ತಕ ನಗರ ಉಳಿದ ಸಂತೋಷವನ್ನು ಹೇಳುವ ಮೊದಲು, ಹಿಜ್ಕೀಯ ಕಪ್ಪ ಕೊಡಲು ದೇವಾಲಯದ ಬಾಗಿಲುಗಳ ಚಿನ್ನವನ್ನೇ ಕಿತ್ತುಕೊಟ್ಟನೆಂದು ಹೇಳಿಬಿಡುತ್ತದೆ. ಹಿಜ್ಕೀಯ ಆ ಪುಸ್ತಕವೇ ಮೆಚ್ಚುವ ಒಳ್ಳೆಯ ಅರಸ. ಆದರೂ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಎರಡು ಪ್ಯಾರಾಗಳಿಗೆ ಸಮರ್ಥನೆ ಸಿಕ್ಕಿಬಿಡುತ್ತಿತ್ತು. ಆದರೆ ಅರಸುಗಳು ಪುಸ್ತಕದ ಪಕ್ಕದಲ್ಲೇ ಪೂರ್ವಕಾಲವೃತ್ತಾಂತ ಇದೆ. ಅದೇ ಅರಸರ ಕತೆಯನ್ನು ಅದು ಇನ್ನೊಮ್ಮೆ ಹೇಳುತ್ತದೆ, ಮತ್ತು ಹಿಜ್ಕೀಯನ ಕಪ್ಪದ ಮಾತನ್ನು ಎತ್ತುವುದೇ ಇಲ್ಲ. ದಾವೀದ ಊರೀಯನ ಹೆಂಡತಿಯನ್ನು ಕರೆಸಿಕೊಂಡದ್ದು, ಊರೀಯನನ್ನು ಕೊಲ್ಲಿಸಿದ್ದು ಕೂಡ ಅದರಲ್ಲಿ ಇಲ್ಲ. ನಮ್ಮ ಸಮಿತಿಯ ಹಿರಿಯರಿಗೂ ಬೈಬಲಿನಲ್ಲಿ ಒಬ್ಬ ಪೂರ್ವಜ ಇದ್ದಾನೆ ಎಂದುಕೊಂಡೆ. ಹಾಗೆಂದು ವೃತ್ತಾಂತಕಾರ ಬರಿಯ ಬಣ್ಣ ಬಳಿಯುವವನಲ್ಲ ಎಂದು ಗೊತ್ತಾದದ್ದು ಹಿಜ್ಕೀಯನ ಮಗ ಮನಸ್ಸೆಯ ಕತೆಗೆ ಬಂದಾಗ.

ಮನಸ್ಸೆ 12ನೇ ವಯಸ್ಸಿಗೆ ಪಟ್ಟಕ್ಕೆ ಬಂದು 55 ವರ್ಷ ಆಳಿದ. ಅರಸುಗಳು ಪುಸ್ತಕಕ್ಕೆ ಅವನಷ್ಟು ಕೆಟ್ಟ ಅರಸ ಇನ್ನೊಬ್ಬನಿಲ್ಲ. ದೇವಾಲಯದೊಳಗೇ ಬೇರೆ ದೇವರ ಬಲಿಪೀಠ ಕಟ್ಟಿಸಿದ, ಸ್ವಂತ ಮಗನನ್ನು ಬೆಂಕಿಗೆ ಒಪ್ಪಿಸಿದ, ನಿರಪರಾಧಿಗಳ ರಕ್ತದಿಂದ ಜೆರುಸಲೇಮನ್ನು ತುಂಬಿದ. ರಾಜ್ಯ ಹಾಳಾದದ್ದು ಇವನ ಪಾಪದಿಂದಲೇ ಎಂದು ಆ ಪುಸ್ತಕ ಮತ್ತೆ ಮತ್ತೆ ಹೇಳುತ್ತದೆ. ಪೂರ್ವಕಾಲವೃತ್ತಾಂತವೂ ಈ ಪಾಪಗಳನ್ನು ಮುಚ್ಚುವುದಿಲ್ಲ. ಆದರೆ ಮುಂದೆ ಅರಸುಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ಸೇರಿಸುತ್ತದೆ. ಅಶ್ಶೂರದ ಸೇನಾಪತಿಗಳು ಮನಸ್ಸೆಯನ್ನು ಸಂಕೋಲೆ ಹಾಕಿ ಬಾಬಿಲೋನಿಗೆ ಒಯ್ದರು. ಅಲ್ಲಿ ಅವನು ತಗ್ಗಿ ಪ್ರಾರ್ಥಿಸಿದ. ದೇವರು ಅವನನ್ನು ಊರಿಗೆ ಮರಳಿಸಿದ. ಬಂದವನು ವಿಗ್ರಹಗಳನ್ನು ತೆಗೆಸಿದ.

ಯಾವುದು ನಿಜ? ಅಶ್ಶೂರದ ಅರಸರಾದ ಏಸರ್‌ಹದ್ದೋನ್ ಮತ್ತು ಅಶ್ಶುರ್‌ಬನಿಪಾಲರ ದಾಖಲೆಗಳಲ್ಲಿ ಯೆಹೂದದ ಮನಸ್ಸೆಯ ಹೆಸರಿದೆ. ಆದರೆ ಕಪ್ಪ ಕೊಡುವ, ಹೇಳಿದ ಕೆಲಸ ಮಾಡುವ ಅನೇಕ ಅಧೀನ ಅರಸರಲ್ಲಿ ಒಬ್ಬನಾಗಿ. ಸೆರೆಯ ಮಾತು ಅಲ್ಲಿಲ್ಲ. ಅಷ್ಟು ಕೆಟ್ಟವನು ಅಷ್ಟು ದೀರ್ಘಕಾಲ ಆಳಿದ್ದು ಹೇಗೆ ಎಂಬ ಪ್ರಶ್ನೆಗೆ ವೃತ್ತಾಂತಕಾರ ಕಂಡುಕೊಂಡ ಉತ್ತರ ಇದು ಎನ್ನುವ ವಿದ್ವಾಂಸರಿದ್ದಾರೆ. ಸೆರೆಯ ಹಿಂದೆ ಒಂದು ನಿಜ ಘಟನೆ ಇರಬಹುದು ಎನ್ನುವವರೂ ಇದ್ದಾರೆ.

ಎರಡೂ ಪುಸ್ತಕಗಳು ಯಾರಿಗಾಗಿ ಬರೆಯಲ್ಪಟ್ಟವು ಎಂದು ನೋಡಿದರೆ ದಾರಿ ಸ್ವಲ್ಪ ತಿಳಿಯಾಗುತ್ತದೆ. ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮ್ ಬಿತ್ತು, ದೇವಾಲಯ ಸುಟ್ಟಿತು, ಜನ ಬಾಬಿಲೋನಿಗೆ ಸೆರೆ ಹೋದರು. ಅರಸುಗಳು ಪುಸ್ತಕ ಮುಗಿಯುವುದು ಬಾಬಿಲೋನಿನಲ್ಲೇ, ಸೆರೆಮನೆಯಿಂದ ಬಿಡುಗಡೆಯಾದ ಯೆಹೋಯಾಖೀನ ಪರರ ಅರಸನ ಪಂಕ್ತಿಯಲ್ಲಿ ಉಣ್ಣುತ್ತಿರುವಾಗ. ಅದನ್ನು ಮುಗಿಸಿದವರ ಎದುರಿಗಿದ್ದದ್ದು ಒಂದೇ ಪ್ರಶ್ನೆ: ನಮಗೆ ಹೀಗೇಕಾಯಿತು? ಉತ್ತರವನ್ನು ಅವರು ಶತ್ರುವಿನ ಬಲದಲ್ಲಿ ಹುಡುಕಲಿಲ್ಲ, ತಮ್ಮ ತಪ್ಪಿನಲ್ಲಿ ಹುಡುಕಿದರು. ಪೂರ್ವಕಾಲವೃತ್ತಾಂತ ಹುಟ್ಟಿದ್ದು ಸೆರೆಯಿಂದ ಮರಳಿದ ಮೇಲೆ, ಪರ್ಷಿಯನ್ನರ ಆಳ್ವಿಕೆಯಲ್ಲಿ. ಅದರ ಕೊನೆಯಲ್ಲಿ ಕೋರೆಷನ ಅಪ್ಪಣೆ ಇದೆ: ಹೋಗಬಯಸುವವರು ಊರಿಗೆ ಹೋಗಬಹುದು. ಅದರ ಓದುಗರ ಪ್ರಶ್ನೆ ಬೇರೆ: ಇಷ್ಟೆಲ್ಲ ಆದಮೇಲೂ ನಾವು ಮೊದಲಿನಿಂದ ಶುರುಮಾಡಬಹುದೇ? ಸಂಕೋಲೆಯಲ್ಲಿ ಬಾಬಿಲೋನಿಗೆ ಹೋಗಿ, ಪಶ್ಚಾತ್ತಾಪಪಟ್ಟು ಮರಳಿದ ಮನಸ್ಸೆಯ ಕತೆ ಅವರಿಗೆ ತಮ್ಮದೇ ಕತೆಯಾಗಿತ್ತು.

ಬೈಬಲನ್ನು ಜೋಡಿಸಿದವರು ಎರಡರಲ್ಲಿ ಒಂದನ್ನು ತೆಗೆದುಹಾಕಲಿಲ್ಲ, ಎರಡನ್ನೂ ಬೆರೆಸಿ ಒಂದು ಮಾಡಲೂ ಇಲ್ಲ. ಚರಿತ್ರೆಯ ಪುಸ್ತಕಗಳಿಂದ ಕ್ರೈಸ್ತ ನಂಬಿಕೆ ಕಲಿಯಬೇಕಾದ ದೊಡ್ಡ ಪಾಠ ಇದೇ ಎಂದು ನನಗೆ ಅನಿಸುತ್ತದೆ. ಅರಸುಗಳು ಒಂದೇ ಇದ್ದಿದ್ದರೆ ಅಪರಾಧದ ಭಾರವೇ ಉಳಿಯುತ್ತಿತ್ತು. ಪೂರ್ವಕಾಲವೃತ್ತಾಂತ ಒಂದೇ ಇದ್ದಿದ್ದರೆ ಊರೀಯನಿಗೆ ಏನಾಯಿತೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಮತ್ತಾಯನ ಸುವಾರ್ತೆ ಈ ಪಾಠವನ್ನು ಮರೆತಿಲ್ಲ. ಹೊಸ ಒಡಂಬಡಿಕೆಯ ಮೊದಲ ಪುಟದಲ್ಲೇ ಬರುವ ಯೇಸುವಿನ ವಂಶಾವಳಿಯಲ್ಲಿ ಮನಸ್ಸೆಯ ಹೆಸರಿದೆ. ಸೊಲೊಮೋನನ ತಾಯಿಯನ್ನು ಅಲ್ಲಿ ಬತ್ಷೆಬೆ ಎನ್ನದೆ ಊರೀಯನ ಹೆಂಡತಿ ಎಂದೇ ಗುರುತಿಸಲಾಗಿದೆ.

ಈ ಮಾತುಗಳನ್ನೆಲ್ಲ ಹೊತ್ತು ಒಂದು ಸಂಜೆ ಆ ಹಿರಿಯರ ಮನೆಗೆ ಹೋದೆ. ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಮ್ಮ ಚಿಕ್ಕವಳಿದ್ದಾಗ ಆ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದಳು" ಎಂದರು. ಅವರು ಮುಚ್ಚಿಡಲು ಹೊರಟದ್ದು ಸಭೆಯ ತಪ್ಪನ್ನು ಎಂದು ನಾನು ಅಂದುಕೊಂಡಿದ್ದೆ. ಅವರು ಕಾಯುತ್ತಿದ್ದದ್ದು ತಾಯಿಯ ಮಾನವನ್ನು.

"ಬರೆ," ಎಂದರು ಕೊನೆಗೆ. "ಆ ಸಾಲು ಹೋದದ್ದು ಹೇಗೆ ಅನ್ನುವುದನ್ನೂ ಬರೆ. ನಡಾವಳಿಯಲ್ಲಿ ಇಲ್ಲ ಅದು. ನಾನು ಹೇಳುತ್ತೇನೆ, ಬರಕೋ."